ಅಮ್ಮನನ್ನು ಕರೆದುಕೊಂಡು ಬರುವಾಗ

ಸುಳ್ಯ
ಡಿಸೆಂಬರ್, ಭಾನುವಾರ

ಪ್ರೀತಿಯ ತಮ್ಮಾ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬರೆದದ್ದಾದರೆ ಅಮ್ಮ ನಿನ್ನಿಂದ ಎರಡೆರಡು ಸಲ ಓದಿಸಿಕೊಂಡು ಕೇಳುತ್ತಾಳೆ, ಅದಕ್ಕೇ ಕಾಗದ.

ಜನವರಿಯಲ್ಲಿ ಅವಳನ್ನು ಊರಿಗೆ ಕರೆತರುವ ಮಾತಾಡಿದ್ದೆಯಲ್ಲ, ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಕಾರು ಬಾಡಿಗೆಗೆ ತೆಗೆದುಕೋ. ನೀನೇ ಓಡಿಸು. ಡ್ರೈವರ್ ಇರುವ ಟ್ಯಾಕ್ಸಿ ಬೇಡ. ಅಮ್ಮನ ಸ್ವಭಾವ ಗೊತ್ತಲ್ಲ, ಯಾವ ಮನೆಗೆ ಹೋದರೂ "ಪಾಪ, ಆ ಹುಡುಗ ಹೊರಗೆ ಕಾಯ್ತಾ ಇದ್ದಾನೆ" ಎಂದು ಅರ್ಧ ಗಂಟೆಯಲ್ಲೇ ಏಳುತ್ತಾಳೆ. ಇಷ್ಟು ವರ್ಷದ ಮೇಲೆ ಬಂದವಳು ಹಾಗೆ ಎದ್ದು ಹೋಗಬಾರದು. ಬಸ್ಸಂತೂ ಆಗದು. ಮುಖ್ಯರಸ್ತೆಯಲ್ಲಿ ಇಳಿದು ತೋಟದ ಮನೆಗಳಿಗೆ ಇಳಿಜಾರಿನಲ್ಲಿ ನಡೆಯಲು ಅವಳ ಮೊಣಕಾಲು ಬಿಡುವುದಿಲ್ಲ.

ನಾನು ಬಂದಾಗ ಮೊದಲೇ ಬುಕ್ ಮಾಡಿದ್ದೆ, ಕಾರನ್ನು ನಿಲ್ದಾಣಕ್ಕೇ ತಂದುಕೊಟ್ಟರು. ಒರಿಜಿನಲ್ ಲೈಸೆನ್ಸ್, ಆಧಾರ್, ಡೆಪಾಸಿಟ್ ಕೇಳುತ್ತಾರೆ. ನೀನು ನೋಡಬೇಕಾದ್ದು ನಂಬರ್ ಪ್ಲೇಟು: ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಕಾರನ್ನು ಕಡಿಮೆಗೆ ಕೊಡುತ್ತೇನೆ ಎನ್ನುವವರೂ ಸಿಗುತ್ತಾರೆ, ಒಪ್ಪಬೇಡ. ಅದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆಯೂ ಕೈಗೆ ಬರುವುದು ಕಷ್ಟ. ಕಾರಿನ ಸುತ್ತ ವಿಡಿಯೋ ತೆಗೆದುಕೋ, ಸ್ಟೆಪ್ನಿಗೆ ಗಾಳಿ ಇದೆಯಾ ನೋಡು, ಫಾಸ್ಟ್ಯಾಗ್‌ನಲ್ಲಿ ಹಣ ಇದೆಯಾ ಕೇಳು. ಬಾಗಿಲು ಎತ್ತರವಿರುವ ಗಾಡಿಯನ್ನೇ ಕೇಳು, ಅಮ್ಮನಿಗೆ ಹತ್ತಿ ಇಳಿಯಲು ಸುಲಭ.

ನಿಲ್ದಾಣದ ಗುಡ್ಡ ಇಳಿಯುವಾಗ ನನಗೆ ಪ್ರತಿಸಲವೂ 2010ರ ಮೇ 22 ನೆನಪಾಗುತ್ತದೆ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಎಲ್ಲರೂ ನಮ್ಮ ಹಾಗೆ ಮನೆಯ ದಾರಿ ಹಿಡಿದವರು. 1951ರಲ್ಲಿ ನೆಹರೂ ಇಲ್ಲಿ ಬಂದಿಳಿದ ಕತೆಯನ್ನು ಅಜ್ಜ ಹೇಳುತ್ತಿದ್ದರಲ್ಲ, ಈ ಗುಡ್ಡಕ್ಕೆ ಎರಡೂ ಸೇರಿವೆ.

ಪೇಟೆಯ ಕಡೆ ಹೋಗದೆ ಕೈಕಂಬ, ಪೊಳಲಿ ದಾರಿಯಲ್ಲಿ ಬಿ.ಸಿ. ರೋಡಿಗೆ ಬಾ. ಪೊಳಲಿ ದೇವಸ್ಥಾನದಲ್ಲಿ ಅಮ್ಮ ಇಳಿಯದೆ ಬಿಡುವುದಿಲ್ಲ. ಕಲ್ಲಡ್ಕದಲ್ಲಿ ಈಗ ಫ್ಲೈಓವರ್ ಆಗಿದೆ. ಅದನ್ನು ಹತ್ತಿದರೆ ಕೆ.ಟಿ., ಅಂದರೆ ಕಲ್ಲಡ್ಕ ಟೀ, ತಪ್ಪುತ್ತದೆ, ಕೆಳಗಿನ ರಸ್ತೆಯಲ್ಲೇ ಇರು. ಕೆಳಗೆ ಹಾಲು, ಮೇಲೆ ಡಿಕಾಕ್ಷನ್ ಬೇರೆ ಬೇರೆ ನಿಂತ ಆ ಗ್ಲಾಸನ್ನು ಅಮ್ಮ ಕಲಕದೆ ಎಷ್ಟು ಹೊತ್ತು ನೋಡುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದರು. ಮಾಣಿಯಲ್ಲಿ ಬಲಕ್ಕೆ ತಿರುಗಿದರೆ ಪುತ್ತೂರು.

ಪುತ್ತೂರಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ಕಾರು ನಿಲ್ಲಿಸು. ಸಮಯ ಉಳಿದರೆ ಪರ್ಲಡ್ಕದ ಬಾಲವನ, ಶಿವರಾಮ ಕಾರಂತರು ಬಾಳಿದ ಜಾಗ. ಕ್ಯಾಂಪ್ಕೋ ಚಾಕೊಲೇಟು ಕಾರ್ಖಾನೆ ಇರುವುದೂ ಇಲ್ಲೇ, 1986ರಿಂದ. ದೊಡ್ಡಪ್ಪ ಅಡಿಕೆಯ ನಡುವೆ ಕೊಕ್ಕೊ ಇಟ್ಟದ್ದು ಅದನ್ನೇ ನಂಬಿಕೊಂಡು.

ಮುಂದೆ ಜಾಲ್ಸೂರಿನಲ್ಲಿ ಬಲಕ್ಕೆ ಒಂದು ರಸ್ತೆ ಕಾಸರಗೋಡಿಗೆ ಹೋಗುತ್ತದೆ. ಮುಳ್ಳೇರಿಯದ ಚಿಕ್ಕಮ್ಮನ ಮನೆಗೆ ಹೋಗುವುದಿದ್ದರೆ ಕಾರು ಕೊಡುವವರಿಗೆ ಮೊದಲೇ ಹೇಳು. ಕೇರಳ ಗಡಿ ದಾಟಲು ಪರ್ಮಿಟ್, ತೆರಿಗೆ ಬೇರೆ ಬೇಕಾಗಬಹುದು.

ಇನ್ನು ಅರಂತೋಡಿನ ದೊಡ್ಡಪ್ಪನ ತೋಟದ ವಿಷಯ. ಈ ಭಾಗವನ್ನು ಅಮ್ಮನಿಗೆ ಓದಬೇಡ, ನೀನೇ ಮೊದಲು ಮೆಲ್ಲಗೆ ಹೇಳಿರಬೇಕು, ಇಲ್ಲದಿದ್ದರೆ ನೋಡಿದಾಗ ಎದೆ ಒಡೆಯುತ್ತದೆ. ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ರೋಗ ತೋಟಗಳನ್ನು ತಿಂದುಹಾಕಿದೆ. ಫೈಟೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿಯಿಂದ ಬರುವ ರೋಗ, ಗುಣಪಡಿಸುವ ಔಷಧಿ ಇಲ್ಲ. ಸೋಗೆ ಹಳದಿಯಾಗುತ್ತದೆ, ಕೊನೆ ಸಣ್ಣದಾಗುತ್ತದೆ, ಒಳಗೆ ಅಡಿಕೆ ಕಪ್ಪಾಗುತ್ತದೆ. ಅಡಿಕೆಗೆ ಒಳ್ಳೆ ಧಾರಣೆ ಇರುವ ಹೊತ್ತಿನಲ್ಲೇ ದೊಡ್ಡಪ್ಪ ಅರ್ಧ ತೋಟ ಕಡಿಸಿ ರಬ್ಬರ್ ಇಟ್ಟಿದ್ದಾರೆ. ಅಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟ ಸಾಲು ಮಾತ್ರ ಇನ್ನೂ ಕಡಿಸಿಲ್ಲ. "ಅವಳು ಬಂದು ನೋಡಿಕೊಂಡು ಹೋಗಲಿ" ಎಂದರು. ನನಗೆ ಮಾತೇ ಹೊರಡಲಿಲ್ಲ. ಜನವರಿ ಎಂದದ್ದನ್ನು ಮುಂದೆ ಹಾಕಬೇಡ.

ಸುಳ್ಯದ ಗುಡ್ಡಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ಹಳೆಯ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರು ಅಲ್ಲಿ ಟ್ಯಾಪಿಂಗ್ ಮಾಡುತ್ತಾ ನೆಲೆ ನಿಂತರು. ದೊಡ್ಡಪ್ಪನಿಗೆ ಟ್ಯಾಪಿಂಗ್ ಹೇಳಿಕೊಡುತ್ತಿರುವುದು ಅಂಥ ಒಂದು ಮನೆಯ ಮಗಳು. ಅವಳ ಕೈಯ ಗೀರು ಕೂದಲಿನಷ್ಟೂ ಆಚೀಚೆ ಆಗುವುದಿಲ್ಲ.

ಅಲ್ಲಿಂದ ಮಾವನ ಮನೆಗೆ, ಕಡಬದ ಕಡೆಗೆ, ಬೆಳ್ಳಾರೆ, ನಿಂತಿಕಲ್ಲು, ಪಂಜದ ಮೇಲೆ ಹೋಗು. ಪಂಜ ದಾಟಿದ ಮೇಲೆ ಕುಮಾರಧಾರಾ ಹೊಳೆ ಸಿಗುತ್ತದೆ. ಅಮ್ಮನಿಗೆ ಕಡಬ ಎಂದರೆ ಪುತ್ತೂರು ತಾಲ್ಲೂಕಿನ ಊರು, ಈಗ ಅದೇ ತಾಲ್ಲೂಕು, ಸುಬ್ರಹ್ಮಣ್ಯವೂ ಅದರೊಳಗೆ. ಕಡಬದ ಹತ್ತಿರದ ಹೊಸ್ಮಠದಲ್ಲಿ ಮಳೆಗಾಲದಲ್ಲಿ ಮುಳುಗು ಸೇತುವೆಯ ಮೇಲೆ ನೀರು ಬಂದರೆ ಆಗ ಅವಳಿಗೆ ಶಾಲೆಗೆ ರಜೆ ಇರುತ್ತಿತ್ತು. ಈಗ ಎತ್ತರದ ಸೇತುವೆ ಇದೆ. ಅವಳನ್ನು ಅಲ್ಲಿ ಇಳಿಸು, ಹೊಳೆ ನೋಡಲಿ, ಅವಸರ ಮಾಡಬೇಡ.

ಒಂದು ಮಾತು ಖಂಡಿತ ಕೇಳು. ಆ ಕಡೆ ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ಕಾರು ಓಡಿಸಬೇಡ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಬೆಳಗ್ಗೆ ಹಾಲಿನ ಸೊಸೈಟಿಗೆ ಹೊರಟ ಹುಡುಗಿಯನ್ನೂ ಅವಳನ್ನು ಉಳಿಸಲು ಓಡಿದವನನ್ನೂ ಆನೆ ಕೊಂದಿತು. ಊರವರು ಈಗಲೂ ಆ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಸಂಜೆ ಐದಕ್ಕೆ ಮಾವನ ಮನೆ ಸೇರಿರು.

ಮನೆಗೆ ಇಳಿಯುವ ಕಾಂಕ್ರೀಟು ರಸ್ತೆ ಒಂದೇ ಕಾರಿನ ಅಗಲ. ಎದುರು ಜೀಪು ಬಂದರೆ ಮೇಲೆ ಹತ್ತುವವರಿಗೆ ದಾರಿ ಬಿಡುವುದು ಇಲ್ಲಿಯ ಕ್ರಮ. ಫಸ್ಟ್ ಗೇರಿನಲ್ಲೇ ಇಳಿ, ತಿರುವಿನಲ್ಲಿ ಹಾರ್ನ್ ಹಾಕು. ಮೊಬೈಲ್ ಸಿಗ್ನಲ್ ಮೇಲೆಯೇ ತಪ್ಪುತ್ತದೆ, ಮ್ಯಾಪನ್ನು ಡೌನ್‌ಲೋಡ್ ಮಾಡಿಟ್ಟುಕೋ. ದಾರಿ ಕೇಳಿದರೆ ಜನ ಮನೆಯ ಹೆಸರು ಕೇಳುತ್ತಾರೆ, ಅಜ್ಜನ ಹೆಸರೂ ಹೇಳು. ನನ್ನನ್ನು ಒಬ್ಬರು ಸ್ಕೂಟರಿನಲ್ಲಿ ಮುಂದೆ ಹೋಗಿ ಅಂಗಳದವರೆಗೆ ಮುಟ್ಟಿಸಿದರು.

ಟಿಕೆಟ್ ತೆಗೆದ ದಿನವೇ ಮಾವನಿಗೆ ತಿಳಿಸು. ಅಂಗಳದ ತುಂಬ ಅಡಿಕೆ ಒಣಹಾಕಿದ್ದಾರೆ, ಕಾರು ತಿರುಗಿಸಲು ಒಂದು ಬದಿ ಖಾಲಿ ಮಾಡಿಸುತ್ತಾರಂತೆ.

ನಿನ್ನ,
ಅಕ್ಕ