ಬಂಡೆಯ ಮೇಲೊಂದು ಹೆಸರು

ಕಳೆದ ದಸರಾ ರಜೆಯಲ್ಲಿ ಎಂಟನೇ ಇಯತ್ತೆ ಓದುವ ಮಗನನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಬನಶಂಕರಿ ಗುಡಿಯ ಮುಂದೆ ಅಜ್ಜಿಯೊಬ್ಬಳ ಬುಟ್ಟಿಯ ಖಡಕ್ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದು ಗುಹೆಗಳಿಗೆ ಬಂದೆವು. ಮೆಟ್ಟಿಲಲ್ಲೇ ಕೋತಿಯೊಂದು ಮಗನ ಬಿಸ್ಕತ್ತಿನ ಪೊಟ್ಟಣಕ್ಕೆ ಸುಂಕ ವಸೂಲು ಮಾಡಿತು. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ತೋರಿಸಿದೆ. ಶಕ ವರ್ಷ 500, ಅಂದರೆ ಕ್ರಿ.ಶ. 578ರದ್ದು.

ಇಳಿಹೊತ್ತಿಗೆ ಅಗಸ್ತ್ಯತೀರ್ಥದ ದಂಡೆಗೆ ಬಂದೆವು. ಎರಡೂ ಬದಿ ಕೆಂಪು ಗುಡ್ಡ. ಮೂಡಲ ತುದಿಗೆ ನೀರಿಗಂಟಿಕೊಂಡೇ ಭೂತನಾಥನ ಗುಡಿ. ಊರ ಕಡೆಯ ಮೆಟ್ಟಿಲುಗಳಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಗುಡ್ಡಕ್ಕೆ ಬಡಿದು ಮರಳುತ್ತಿತ್ತು. ಇಂಥ ಕಡೆ ಸುಮ್ಮನೆ ಕುಳಿತುಕೊಳ್ಳುವುದೇ ಒಂದು ಸುಖ.

ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಗುಡಿಯ ಹಿಂದಿನಿಂದ ಕಾವಲುಗಾರರ ದನಿ ಕೇಳಿತು: "ಏ ತಮ್ಮಾ, ಇದೇನು ನಿಮ್ಮ ಸಾಲಿ ಹಲಗಿ ಅಂತ ತಿಳದಿಯೇನು?"

ಓಡಿಹೋಗಿ ನೋಡಿದರೆ ಮಗನ ಕೈಯಲ್ಲಿ ಬೆಣಚುಕಲ್ಲು. ಬಂಡೆಯ ಮೇಲೆ ಅವನ ಹೆಸರಿನ ಮೊದಲ ಅಕ್ಷರ. ಹೊಡೆಯಲು ಕೈ ಎತ್ತಿದೆ.

"ಕಪ್ಪೆ ಅರಭಟ್ಟನ ಹೆಸರೂ ಇಲ್ಲೇ ಬಂಡಿ ಮ್ಯಾಲೆ ಐತಿ ಅಂತ ನೀವ ಹೇಳಿದ್ರಲ್ಲಪಾ?" ಎಂದ.

ಎತ್ತಿದ ಕೈ ಕೆಳಗಿಳಿಯಿತು. ಪ್ರಶ್ನೆ ಜಾಣತನದ್ದು ಎಂದಲ್ಲ. ಅವನದೇ ವಯಸ್ಸಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಾಗ ನಾನೂ ಇಲ್ಲಿಯೇ ಕೈವಾರದ ಮೊನೆಯಿಂದ ಕೆತ್ತಿದ್ದೆ. ಬೆಳಿಗ್ಗೆಯಿಂದ ಆ ಮೂಲೆಯತ್ತ ನೋಡದೆ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಇನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದೆ.

ಮಗ ಎರಡು ಸಲ ಓದಿದ. "ಇದು ನೀವಾ?" ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

"ಅರಭಟ್ಟನ ಶಾಸನ ಸಾವಿರದ ಮುನ್ನೂರು ವರ್ಷದಿಂದ ಅವ ಎಂಥಾ ಮನಶ್ಯಾ ಅನ್ನೂದನ್ನ ಕನ್ನಡದ ತ್ರಿಪದಿಯೊಳಗ ಹೇಳತೈತಿ. ನಂದು, ನಾ ಇಲ್ಲಿ ಬಂದಿದ್ದೆ ಅಂತಷ್ಟ ಹೇಳತೈತಿ," ಎಂದೆ.

ಅವನು ಮಾತಾಡದೆ ಕೆರೆಗಿಳಿದು ಬೊಗಸೆಯಲ್ಲಿ ನೀರು ತಂದ. ತನ್ನ ಅಕ್ಷರವನ್ನು ತಿಕ್ಕಿದ. ಮೇಲುಮೇಲಿನ ಬಿಳಿ ಗೀರು, ಹೋಯಿತು. ಇನ್ನೊಂದು ಬೊಗಸೆ ತಂದು ನನ್ನ ಹೆಸರನ್ನೂ ತಿಕ್ಕಿದ.

ಅದು ಹೋಗಲಿಲ್ಲ.