ಬನ್ನೇರುಘಟ್ಟ ರಸ್ತೆಯ ಕಲ್ಲಿನ ವಿದ್ಯಾಮಂದಿರ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ವಾಹನಗಳ ಗದ್ದಲಕ್ಕೆ ಬಿಡುವೆಂಬುದಿಲ್ಲ. ಆದರೆ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಹೆಬ್ಬಾಗಿಲನ್ನು ದಾಟಿದೊಡನೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಒರಟು ಕಲ್ಲಿನ ಗೋಡೆಗಳು, ಹಬ್ಬಿದ ಬಳ್ಳಿಗಳು, ನೆತ್ತಿಯ ಮೇಲಿನ ತೊಲೆಗಳ ನಡುವಿನಿಂದ ಪಟ್ಟೆಪಟ್ಟೆಯಾಗಿ ಇಳಿಯುವ ಬಿಸಿಲು. ಮುಂಚಿತವಾಗಿ ಅನುಮತಿ ಪಡೆದು ನಾನು ಇಲ್ಲಿಗೆ ಹೋದಾಗ ನನ್ನ ಅಣ್ಣನ ಮಗನೂ ಅವನ ಮಗಳೂ ಜೊತೆಗಿದ್ದರು.

ನಾವು ಹೋದುದಕ್ಕೆ ಕಾರಣವಿತ್ತು. ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಅವನಿಗೆ ಬೀಜ-ಗೊಬ್ಬರದ ಅಂಗಡಿಯಿದೆ. ಮಗಳು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ಅಂತರ್ಜಾಲ ಶಿಕ್ಷಣ ವ್ಯವಸ್ಥೆಯಲ್ಲಿ ಆಕೆ ಲೆಕ್ಕಶಾಸ್ತ್ರವನ್ನು ಮೊಬೈಲಿನಲ್ಲಿಯೇ ಕಲಿತಳು. ಅದರಲ್ಲಿ ವ್ಯವಹಾರ ನಿರ್ವಹಣೆಯ ಪಾಠಗಳ ಹೊಣೆ ಹೊತ್ತದ್ದು ಇದೇ ಸಂಸ್ಥೆ. ಕೆಲವೇ ನಿಮಿಷಗಳ ದೃಶ್ಯಪಾಠ, ನಡುನಡುವೆ ಪ್ರಶ್ನೆ, ತಿಳಿಯದಿದ್ದರೆ ಮತ್ತೆ ಹಿಂದಿರುಗಿ ನೋಡುವ ಅನುಕೂಲ. ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ತೆತ್ತು ಪರೀಕ್ಷೆ ಬರೆಯಬೇಕು.

ಪಾಠ ಮುಗಿದ ಮೇಲೆ ಆಕೆ ಅಂಗಡಿಯ ಲೆಕ್ಕದ ಪುಸ್ತಕವನ್ನು ತೆರೆದಳು. “ಅಪ್ಪಾ, ಪುಸ್ತಕದಾಗ ಲಾಭ ಐತಿ, ಗಲ್ಲಾದಾಗ ರೊಕ್ಕ ಇಲ್ಲ. ಎಲ್ಲಾ ಉದ್ರಿಯೊಳಗ ಕುಂತೈತಿ” ಎಂದಳು. ಸುಗ್ಗಿಯವರೆಗೆಂದು ರೈತರಿಗೆ ಕೊಟ್ಟ ಉದ್ರಿ ಕೈಸೇರುವ ಮೊದಲೇ ಸಗಟು ವ್ಯಾಪಾರಿಗೆ ಹಣ ಕಟ್ಟಬೇಕಾಗಿತ್ತು. ಅದಕ್ಕಾಗಿ ತಂದ ಸಾಲದ ಬಡ್ಡಿಯನ್ನು ತಂದೆ ಮನೆಯ ಖರ್ಚಿನಲ್ಲಿ ಬರೆಯುತ್ತಿದ್ದುದರಿಂದ ನಷ್ಟವು ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ.

ತಂದೆ ಹಿಗ್ಗಿದನು. ಆದರೆ ಆಕೆ ಪರಸ್ಥಳದಲ್ಲಿದ್ದು ಎಂ.ಬಿ.ಎ. ಓದುವೆನೆಂದಾಗ ನನ್ನೊಡನೆ, “ಶಾಲಿ ಮನಿಗೇ ಬಂದೈತಲ್ಲ ಕಾಕಾ, ಇನ್ನ ಹುಡುಗಿನ್ನ ಹೊರಗ ಕಳಸೋದ್ಯಾಕ?” ಎಂದನು. ಪಾಠ ಎಲ್ಲಿಂದ ಬರುತ್ತದೆಯೋ ಅಲ್ಲಿಯೇ ಹೋಗಿ ನೋಡೋಣವೆಂದು ಹೊರಡಿಸಿದೆನು.

ಸಂಸ್ಥೆ ಸ್ಥಾಪನೆಯಾದದ್ದು 1973ರಲ್ಲಿ. ಈ ಆವರಣವನ್ನು ರೂಪಿಸಿದವರು 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿ. ಫತೇಪುರ್ ಸಿಕ್ರಿಯ ಅಂಗಳಗಳು ಅವರಿಗೆ ಪ್ರೇರಣೆಯಾಗಿದ್ದವು. ಕಲಿಕೆಯು ಕೊಠಡಿಯೊಳಗೆ ಮಾತ್ರವಲ್ಲ, ನಡೆದಾಡುವ ದಾರಿಯ ಮಾತುಕತೆಯಲ್ಲಿಯೂ ಆಗುತ್ತದೆಂದು ಬಗೆದು ಅವರು ಉದ್ದನೆಯ ಪಡಸಾಲೆಗಳನ್ನೂ ಕಟ್ಟೆಗಳನ್ನೂ ಕಲ್ಪಿಸಿದರು. ಸಂಸ್ಥೆಯು 2014ರಲ್ಲಿ ಎಡೆಕ್ಸ್ ವೇದಿಕೆಯ ಮೂಲಕ ಅಂತರ್ಜಾಲ ಪಾಠಗಳನ್ನು ಆರಂಭಿಸಿತು. ಆದರೂ ಈ ಪಡಸಾಲೆಗಳು ಬರಿದಾಗಿಲ್ಲ. ಇಲ್ಲಿನ ತರಗತಿಗಳಲ್ಲಿ ಒಂದು ಉದ್ದಿಮೆಗೆ ಒದಗಿದ ಇಕ್ಕಟ್ಟನ್ನು ಮೊದಲೇ ಓದಿಕೊಂಡು ಬಂದು, ಎದುರುಬದುರಾಗಿ ವಾದಿಸುವ ಪದ್ಧತಿಯಿದೆ. ನಾವು ಹೋದಾಗ ತರಗತಿ ಮುಗಿದಿತ್ತು, ವಾದ ಮುಗಿದಿರಲಿಲ್ಲ. ಮೆಟ್ಟಿಲಿನ ಮೇಲೆ ಕುಳಿತ ಐದಾರು ಮಂದಿ ಅದನ್ನೇ ಮುಂದುವರಿಸಿದ್ದರು.

ಹುಡುಗಿ ಬಹಳ ಹೊತ್ತು ಅವರನ್ನೇ ನೋಡುತ್ತ ನಿಂತಳು. “ಅಜ್ಜಾ, ಉದ್ರಿ ಕಡಿಮಿ ಮಾಡಬೇಕು ಅಂತ ಫೋನಿನಾಗ ಕಲತೆ. ಮಾಡಿದ್ರ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾರ. ಇದನ್ನ ಯಾರ ಜೋಡಿ ವಾದ ಮಾಡ್ಲಿ?” ಎಂದಳು. ಅಂತರ್ಜಾಲದ ಚರ್ಚಾಪುಟದಲ್ಲಿ ಪ್ರಶ್ನೆ ಬರೆದರೆ ಉತ್ತರ ದೊರೆಯಬಹುದು. ಆದರೆ ಮಾತು ಮುಗಿಯುವ ಮುನ್ನವೇ ಅಡ್ಡಗಟ್ಟಿ, “ಹಾಗಲ್ಲ” ಎನ್ನುವ ಸಹಪಾಠಿ ಅಲ್ಲಿ ಎದುರಿಗಿರುವುದಿಲ್ಲ. ವ್ಯಾಪಾರವೆಂಬುದು ಮನುಷ್ಯರೊಡನೆ ನಡೆಯುವಂಥದು. ಅದರ ವಿದ್ಯೆಗೂ ಮನುಷ್ಯರ ಒಡನಾಟ ಬೇಕು.

ತಂದೆ ಏನೂ ಮಾತನಾಡಲಿಲ್ಲ. ಹೆಬ್ಬಾಗಿಲಿನ ಬಳಿ ಬಂದಾಗ ಮಗಳನ್ನು, “ಅರ್ಜಿ ಯಾವಾಗ ತುಂಬಬೇಕವಾ?” ಎಂದು ಕೇಳಿದನು.

ದೂರದ ವಿದ್ಯೆಯನ್ನು ಮನೆಯಂಗಳಕ್ಕೆ ತಂದ ಈ ಹೊಸ ಸಾಧನವನ್ನು ನಾವೆಲ್ಲರೂ ಆದರದಿಂದ ಬರಮಾಡಿಕೊಳ್ಳೋಣ. ಆದರೆ ಅದನ್ನೇ ನೆಪವಾಗಿಸಿ ಹೆಣ್ಣುಮಕ್ಕಳ ಮುಂದೆ ಮನೆಯ ಬಾಗಿಲಿಗೆ ಅಗುಳಿ ಹಾಕುವುದು ಬೇಡ.