ಗಂಗಾವಳಿ ದಂಡೆಯ ತೋಟಗಳು

ಅಂಕೋಲಾದಿಂದ ಹುಬ್ಬಳ್ಳಿ ಹೆದ್ದಾರಿ ಹಿಡಿದು ಹೊರಟರೆ ಗಂಗಾವಳಿ ನದಿ ಸುಮಾರು ದೂರ ನಮ್ಮ ಜೊತೆಗೇ ಬರುತ್ತದೆ. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಅನ್ನಿಸಿಕೊಂಡು, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸಮುದ್ರ ಸೇರುವ ನದಿ ಇದು. ಬೇಸಿಗೆಯಲ್ಲಿ ಕಲ್ಲುಗಳ ನಡುವೆ ತೆಳ್ಳಗೆ ಹರಿಯೋದನ್ನ ನೋಡಿದರೆ, ಈ ನೀರು ಮನೆ ಜಗಲಿ ಹತ್ತೀತು ಅಂತ ಯಾರಿಗೂ ಅನ್ನಿಸಲ್ಲ.

2019ರ ಆಗಸ್ಟ್‌ನಲ್ಲಿ ಹತ್ತಿತು. ರಾಮನಗುಳಿಯ ತೂಗುಸೇತುವೆ ಕೊಚ್ಚಿಹೋಯ್ತು. 2021ರ ಜುಲೈನಲ್ಲಿ ಮತ್ತೆ ನೆರೆ ಬಂದಾಗ ಗುಳ್ಳಾಪುರದ ಸೇತುವೆ ಹೋಯ್ತು. ಸೇತುವೆಗಳ ಫೋಟೊ ಎಲ್ಲರೂ ನೋಡಿದ್ದೇವೆ. ದಂಡೆಯ ತೋಟಗಳಿಗೆ ಏನಾಯ್ತು ಅನ್ನೋದು ಮಾತ್ರ ಹೆದ್ದಾರಿ ಬಿಟ್ಟು ಕೆಳಗಿಳಿದವರಿಗಷ್ಟೇ ಕಾಣೋದು.

ಅಡಿಕೆ ಮರ ನಾಲ್ಕು ದಿನದ ನೀರಿಗೆ ಸುಲಭವಾಗಿ ಸೋಲಲ್ಲ. ತೊಂದರೆ ಶುರುವಾಗೋದು ನೀರು ಇಳಿದ ಮೇಲೆ. ಮರಳು, ಹೂಳು ಬುಡದಲ್ಲಿ ದಪ್ಪಗೆ ಕೂತರೆ ಬೇರಿಗೆ ಗಾಳಿ ಸಿಗಲ್ಲ, ಸೋಗೆ ಹಳದಿಯಾಗುತ್ತದೆ. ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇನ್ನೂ ಸೂಕ್ಷ್ಮ. ಬುಡದಲ್ಲಿ ನೀರು ನಿಂತರೆ ಸೊರಗು ರೋಗ ತಗುಲಿ ಕೆಲವೇ ವಾರಗಳಲ್ಲಿ ಬಳ್ಳಿ ಬಾಡಿಹೋಗುತ್ತದೆ. ಹೊಸ ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅರವತ್ತು ದಾಟಿದವರಿಗೆ, ಮಕ್ಕಳು ಬೆಂಗಳೂರಿನಲ್ಲಿರುವಾಗ, ಆ ಐದಾರು ವರ್ಷದ ಲೆಕ್ಕವೇ ಬೇರೆ.

ಅದಕ್ಕೇ ನೆರೆ ಇಳಿದ ಮೇಲೆ ಮೊದಲ ಕೆಲಸ ನೆಡೋದಲ್ಲ, ಬಸಿಗಾಲುವೆ ಬಿಡಿಸೋದು. ನಿಂತ ನೀರಿಗೆ ಹೊಳೆಯ ದಾರಿ ತೋರಿಸಬೇಕು. ಆಮೇಲೆ ಬುಡದ ಹೂಳು ತೆಗೀಬೇಕು. ಅದಕ್ಕೂ ಮಣ್ಣು ಸ್ವಲ್ಪ ಆರೋ ತನಕ ಕಾಯಬೇಕು. ಹಸಿ ಮಣ್ಣು ತುಳಿದರೆ ಗಟ್ಟಿಯಾಗಿ ಇನ್ನಷ್ಟು ಕಷ್ಟ. ಮಳೆ ಬಿಡುವು ಕೊಟ್ಟ ಹೊತ್ತಿಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣ ಹೊಡೆಯಬೇಕು. ತೆಳ್ಳಗೆ ಬಂದ ಮೆಕ್ಕಲು ಮಣ್ಣಾದರೆ ಪುಣ್ಯ, ಅದು ಗೊಬ್ಬರ. ಬರೀ ಮರಳಾದರೆ ಹೊತ್ತು ಹಾಕೋದೇ ಗತಿ.

ಹಿತ್ತಿಲಿನದು ಇನ್ನೊಂದು ಕತೆ. ಡೇರೆ ಗೆಡ್ಡೆ ನೀರಲ್ಲಿ ಕೊಳೆಯುತ್ತದೆ, ಬಸಳೆ ಚಪ್ಪರ ತೇಲಿಹೋಗುತ್ತದೆ, ಅಬ್ಬಲಿಗೆ ಸಾಲು ಕೆಸರಿನಡಿ ಸೇರುತ್ತದೆ. ಇವಕ್ಕೆ ಪರಿಹಾರದ ಅರ್ಜಿಯಲ್ಲಿ ಜಾಗ ಇಲ್ಲ. ಆದರೂ ಹಿತ್ತಿಲು ತೋಟಕ್ಕಿಂತ ಬೇಗ ಚಿಗುರುತ್ತದೆ. ಯಾಕೆ ಹೇಳಿ? ನಮ್ಮ ಕಡೆ ಹೆಂಗಸರು ಮದುವೆ, ಮುಂಜಿ ಅಂತ ಎಲ್ಲಿಗೆ ಹೋದರೂ ಒಂದು ಕೊಂಬೆ ಕೊಟ್ಟು, ಒಂದು ಕೊಂಬೆ ಕೇಳಿ ತರುವವರು. ಹೊಳೆ ದಂಡೆಯ ದಾಸವಾಳ, ಡೇರೆ ಎಷ್ಟೋ ವರ್ಷದ ಹಿಂದೆಯೇ ಘಟ್ಟದ ಮೇಲಿನ ನೆಂಟರ ಮನೆ ಸೇರಿರುತ್ತವೆ. ನೆರೆಯ ಮರುವರ್ಷ ಅದೇ ಗಿಡದ ಸಂತಾನ ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ತವರಿಗೆ ಬರುತ್ತದೆ. ಮೆಣಸಿನ ಬಳ್ಳಿಯೂ ಹೀಗೇ, ಎತ್ತರದಲ್ಲಿ ಉಳಿದ ತೋಟದಿಂದ ಕೆಳಗಿಳಿಯುತ್ತದೆ.

ಆ ಕಡೆ ಹೋಗೋದಾದರೆ ಮಳೆ ಮುಗಿದ ಮೇಲೆ ಹೋಗಿ. ಅಡಿಕೆ ಮರದ ಕಾಂಡದ ಮೇಲೆ ಕೆಸರಿನ ಗೆರೆ ಕಂಡರೆ ಒಂದು ಕ್ಷಣ ನಿಂತು ನೋಡಿ, ಅದು ನಿಮ್ಮ ತಲೆಗಿಂತ ಎಷ್ಟು ಮೇಲಿದೆ ಅಂತ. ನಿಮ್ಮ ಮನೆ ಹೊಳೆ ಹತ್ತಿರವೇ ಇದ್ದರೆ ಮುಂದಿನ ಮಳೆಗಾಲದೊಳಗೆ ಇಷ್ಟದ ಗಿಡದ ಒಂದು ಕೊಂಬೆ ಎತ್ತರದಲ್ಲಿರೋ ಯಾರಿಗಾದರೂ ಕೊಟ್ಟಿಡಿ.